ಪಾರ್ತಿಯ ಮಗ ಸುಬ್ಬನ ಊರಿನಲ್ಲಿ

ಹೊಳೆನರಸೀಪುರದಿಂದ ಮೈಸೂರಿನ ದಾರಿ ಹಿಡಿದರೆ ನಮ್ಮ ಹಳ್ಳಿಮೈಸೂರು ಸಿಗುತ್ತದೆ. ಹೆಸರಿನಲ್ಲಿ ಮೈಸೂರಿದೆ ಎಂಬುದನ್ನು ಬಿಟ್ಟರೆ ಇಲ್ಲಿ ಅರಮನೆಯೂ ಇಲ್ಲ, ದಸರೆಯ ಆನೆಯೂ ಇಲ್ಲ. ಹೋಬಳಿ ಊರು. ಸುತ್ತ ರಾಗಿ ಹೊಲ, ಆಲೂಗಡ್ಡೆ ಹೊಲ. ಬೇಸಾಯದ ಕೆಲಸ ಮುಗಿದು ಜನರ ಕೈ ಬಿಡುವಾಯಿತೆಂದರೆ ನಮ್ಮ ಕಡೆಯ ಹಳ್ಳಿಗಳಲ್ಲಿ ನಾಟಕದ ಹುಚ್ಚು ಶುರುವಾಗುತ್ತದೆ. ನಾಟಕವೆಂದರೆ ಕುರುಕ್ಷೇತ್ರ. ಹಾರ್ಮೋನಿಯಂ ಮೇಷ್ಟ್ರು ಬಂದು ತಿಂಗಳುಗಟ್ಟಲೆ ಅಭ್ಯಾಸ ಮಾಡಿಸುತ್ತಾರೆ. ಪಾತ್ರ ಬೇಕಾದವರು ತಾವೇ ಹಣ ಹಾಕಬೇಕು. ದುರ್ಯೋಧನನಾಗಬೇಕಾದರೆ ಜೇಬು ಗಟ್ಟಿಯಿರಬೇಕು, ಸೈನಿಕನಾಗುವವನಿಗೆ ಸ್ವಲ್ಪದರಲ್ಲೇ ಮುಗಿಯುತ್ತದೆ. ರಾತ್ರಿ ಶುರುವಾದ ಯುದ್ಧ ಮುಗಿಯುವಾಗ ಫಜ್ರ್ ಅಝಾನಿನ ಹೊತ್ತು.

ನನ್ನ ಅಬ್ಬಾ ಈ ನಾಟಕಗಳ ದರ್ಜಿಯಾಗಿದ್ದರು. ಕೃಷ್ಣನ ಪೀತಾಂಬರಕ್ಕೆ ಜರಿ ಅಂಚು ಹಚ್ಚುತ್ತಿದ್ದದ್ದು, ಭೀಮನ ತೋಳಿಗೆ ಹತ್ತಿ ತುಂಬಿಸಿ ಹೊಲಿಯುತ್ತಿದ್ದದ್ದು ಅವರೇ. ಹಳೆಯ ಲೋವರ್ ಸೆಕೆಂಡರಿವರೆಗೆ ಓದಿದವರು. ಕನ್ನಡ ಅಕ್ಷರ ಮುತ್ತಿನಂತಿತ್ತು. ಆದ್ದರಿಂದ ಬಟ್ಟೆಯ ಜೊತೆಗೆ ಇನ್ನೊಂದು ಕೆಲಸವೂ ಅವರ ಪಾಲಿಗೆ ಬರುತ್ತಿತ್ತು. ಯಾರದೋ ಊರಿನಿಂದ ತಂದ ನಾಟಕದ ಪುಸ್ತಕವನ್ನು ನೋಡಿ ನಕಲು ಮಾಡುವುದು, ಆಮೇಲೆ ಒಬ್ಬೊಬ್ಬರ ಮಾತನ್ನೂ ಬೇರೆ ಬೇರೆ ನೋಟ್‌ಬುಕ್ಕಿಗೆ ಇಳಿಸಿ ಕೊಡುವುದು. ಹೊಲಿಗೆ ಯಂತ್ರದ ಪಕ್ಕದಲ್ಲೇ ಮಸಿ ಕುಡಿಕೆ ಇರುತ್ತಿತ್ತು. ಜನ ಅದನ್ನು 'ಸಾಬ್ರು ಬರೆದ ನಾಟಕ' ಎನ್ನುತ್ತಿದ್ದರು. ಅಬ್ಬಾ ನಗುತ್ತಿದ್ದರೇ ಹೊರತು ಹೌದು ಅಲ್ಲ ಎಂದದ್ದನ್ನು ನಾನು ಕೇಳಿಲ್ಲ.

ಅವರು ತೀರಿಕೊಂಡು ಬಹಳ ವರ್ಷಗಳಾದವು. ಕಳೆದ ವರ್ಷ ತಮ್ಮ ಹಳೆಯ ಟ್ರಂಕ್ ತೆಗೆದಾಗ ಒಂದು ದಪ್ಪ ಪುಸ್ತಕ ಸಿಕ್ಕಿತು. ಮೊದಲ ಪುಟದಲ್ಲಿ 'ಕುರುಕ್ಷೇತ್ರ' ಎಂದಷ್ಟೇ ಇದೆ. ಕವಿಯ ಹೆಸರಿಲ್ಲ. ಕೊನೆಯ ಪುಟದಲ್ಲಿ ತಾರೀಖು, ಅದರ ಕೆಳಗೆ 'ಬರೆದವರು' ಎಂದು ಅಬ್ಬಾನ ಹೆಸರು. ಸುದ್ದಿ ಪಕ್ಕದ ಹಳ್ಳಿಯ ನಾಟಕದವರಿಗೆ ಮುಟ್ಟಿತು. ಮರುವಾರವೇ ಅವರ ಹಿರಿಯ ಗೌಡರೊಬ್ಬರು ಮನೆಗೆ ಬಂದರು. "ಈ ಸಲ ಆಡೋದು ನಿಮ್ಮಪ್ಪಾಜಿ ಬರ್ದಿದ್ದೇ ಕಣವ್ವ. ಹ್ಯಾಂಡ್‌ಬಿಲ್‌ನಾಗೆ ರಚನೆ ಅಂತ ಅವ್ರ ಹೆಸ್ರು ಹಾಕಿಸ್ತೀವಿ" ಎಂದರು. ತಮ್ಮನಿಗೆ ಖುಷಿಯೋ ಖುಷಿ. ನನಗೂ ಆಸೆಯಾಗಲಿಲ್ಲ ಎಂದರೆ ಸುಳ್ಳಾಗುತ್ತದೆ.

ಆದರೂ ಮನಸ್ಸು ತಡೆಯದೆ ಪುಸ್ತಕವನ್ನು ಹೊಳೆನರಸೀಪುರದಲ್ಲಿರುವ ಪರಿಚಯದ ನಿವೃತ್ತ ಮೇಷ್ಟ್ರೊಬ್ಬರಿಗೆ ತೋರಿಸಿದೆ. ಅವರು ಎರಡು ದಿನ ಇಟ್ಟುಕೊಂಡು ಓದಿದರು. "ನೋಡಿ ತಾಯಿ, ಗುಬ್ಬಿ ವೀರಣ್ಣನವರ ಕಂಪನಿಗೆ ಬಿ. ಪುಟ್ಟಸ್ವಾಮಯ್ಯನವರು 1930ರ ದಶಕದಲ್ಲಿ ಕುರುಕ್ಷೇತ್ರ ಬರೆದರು. ಅದು ಊರೂರಿಗೆ ಹೋಯಿತು. ಆಮೇಲೆ ಊರೂರಿನ ಮೇಷ್ಟ್ರುಗಳು ಅದಕ್ಕೆ ಸೇರಿಸಿದ್ದೆಷ್ಟೋ, ಕಳೆದದ್ದೆಷ್ಟೋ. ನಿಮ್ಮ ತಂದೆಯವರ ಪುಸ್ತಕ ಬಹುಪಾಲು ಅಂಥ ಪುಸ್ತಕಗಳ ನಕಲೇ. ಆದರೆ ಕುಂತಿ ಕರ್ಣನನ್ನು ಕಾಣಲು ಬರುವ ಕಡೆ ಎರಡು ಪದಗಳಿವೆ. ಅವನ್ನು ನಾನು ಬೇರೆಲ್ಲೂ ಕಂಡಿಲ್ಲ" ಎಂದರು.

ಅಮ್ಮಿಯನ್ನು ಕೇಳಿದೆ. "ಯಂತ್ರ ತುಳಿಯುತ್ತಾ ಏನೋ ಗುನುಗುತ್ತಿದ್ದರು ಬೇಟಿ. ಅವರದೋ, ಬೇರೆ ಯಾರದೋ, ನನಗೇನು ಗೊತ್ತು?" ಎಂದರು. ಇಷ್ಟರಲ್ಲಿ ಊರಿನ ಒಬ್ಬರು ನನ್ನ ತಮ್ಮನೆದುರಿಗೇ, "ಬಟ್ಟೆ ಹೊಲಿಯೋರಿಗೆ ಪದ ಕಟ್ಟೋಕೆ ಬತ್ತದಾ?" ಎಂದು ನಕ್ಕರಂತೆ. ಆ ಮಾತು ನನ್ನ ಎದೆಯಲ್ಲಿ ಸೂಜಿಯಂತೆ ಉಳಿಯಿತು.

ಇದೇ ಯೋಚನೆಯಲ್ಲಿರುವಾಗ ಕುಂಬಳೆಗೆ ಹೋಗುವ ಅವಕಾಶ ಒದಗಿತು. ಮಗಳು ಮಂಗಳೂರಿನ ಹಾಸ್ಟೆಲಿನಲ್ಲಿದ್ದು ಬಿ.ಎ. ಓದುತ್ತಿದ್ದಾಳೆ. ಅವಳ ಕೋಣೆಯ ಗೆಳತಿ ಕುಂಬಳೆಯವಳು. ರಜೆ ಮುಗಿಸಿ ಹೋಗುವಾಗ ಉಮ್ಮನನ್ನೂ ಕರೆದುಕೊಂಡು ಬಾ ಎಂದು ಆ ಹುಡುಗಿಯ ಮನೆಯವರು ಒತ್ತಾಯ ಮಾಡಿದ್ದರು. ಹಾಸನದಲ್ಲಿ ಬಸ್ಸು ಹತ್ತಿದೆವು. ಸಕಲೇಶಪುರ ದಾಟಿ ಶಿರಾಡಿ ಘಾಟಿ ಇಳಿಯುವಾಗ ನಾನು ಕಿಟಕಿಗೆ ತಲೆಯಾನಿಸಿ ಅಬ್ಬಾನ ಪುಸ್ತಕದ ಕಥೆಯನ್ನು ಮಗಳಿಗೆ ಹೇಳಿದೆ. ಅವಳು ಓದುತ್ತಿರುವುದು ಇಂಗ್ಲಿಷ್ ಸಾಹಿತ್ಯ. "ಅಮ್ಮಿ, ಶೇಕ್ಸ್‌ಪಿಯರನಿಗೂ ಇದೇ ಮಾತು ಹೇಳಿದ್ದಾರೆ. ಅವನ ಅಪ್ಪನೂ ಹೊಲಿಯುವವನೇ" ಎಂದಳು.

ಶೇಕ್ಸ್‌ಪಿಯರ್ ಹುಟ್ಟಿದ್ದು 1564ರಲ್ಲಿ, ಇಂಗ್ಲೆಂಡಿನ ಸ್ಟ್ರಾಟ್‌ಫರ್ಡ್ ಎಂಬ ಪೇಟೆಯಲ್ಲಿ. ತಂದೆ ಚರ್ಮದ ಕೈಗವಸು ಹೊಲಿದು ಮಾರುತ್ತಿದ್ದವನು. ಮಗ ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಲಿಲ್ಲ. ಅವನ ಕೈಬರಹವೆಂದು ಖಚಿತವಾಗಿ ಉಳಿದಿರುವುದು ಆರು ಸಹಿಗಳು ಮಾತ್ರ. ಮರಣಪತ್ರದಲ್ಲಿ ಮಂಚದ ಪ್ರಸ್ತಾಪವಿದೆ, ಪುಸ್ತಕದ ಪ್ರಸ್ತಾಪವಿಲ್ಲ. ಅವನ ಮಗಳು ಜೂಡಿತ್ ಸಹಿಯ ಬದಲು ಗುರುತು ಹಾಕುತ್ತಿದ್ದಳು. ಇಂಥ ಮನೆಯವನಿಗೆ ರಾಜರ ಅಂತಃಪುರದ ಮಾತು, ಕಾನೂನು, ಇಟಲಿಯ ಊರುಗಳ ಕಥೆ ಎಲ್ಲಿಂದ ಬಂತು ಎಂಬ ಸಂಶಯ ಎದ್ದಿತು. ಅಮೆರಿಕದ ಡೀಲಿಯಾ ಬೇಕನ್ ಎಂಬ ಮಹಿಳೆ 1857ರಲ್ಲಿ ದಪ್ಪ ಗ್ರಂಥವನ್ನೇ ಬರೆದು, ಈ ನಾಟಕಗಳು ಫ್ರಾನ್ಸಿಸ್ ಬೇಕನ್ ಮೊದಲಾದ ವಿದ್ವಾಂಸರ ಗುಂಪಿನವು ಎಂದಳು. 1920ರಲ್ಲಿ ಲೂನಿ ಎಂಬ ಶಾಲಾ ಮಾಸ್ತರ ಬಂದು ಅಲ್ಲ, ಅವು ಆಕ್ಸ್‌ಫರ್ಡಿನ ಅರ್ಲ್ ಎಂಬ ಜಹಗೀರುದಾರನವು ಎಂದ. ಆ ಜಹಗೀರುದಾರ 1604ರಲ್ಲೇ ತೀರಿಕೊಂಡಿದ್ದ. ಆಮೇಲೂ ಹೊಸ ನಾಟಕಗಳು ಬರುತ್ತಲೇ ಇದ್ದವು.

"ಹಾಗಾದರೆ ಬರೆದವರು ಯಾರು?" ಎಂದೆ. "ಅವನೇ ಎಂದು ಹೆಚ್ಚಿನ ವಿದ್ವಾಂಸರು ಹೇಳುತ್ತಾರೆ. ಅವನ ಜೊತೆಗೆ ನಟಿಸಿದ ಇಬ್ಬರು ಗೆಳೆಯರು 1623ರಲ್ಲಿ ಅವನ 36 ನಾಟಕಗಳನ್ನು ಒಟ್ಟು ಮಾಡಿ ಅಚ್ಚು ಹಾಕಿಸಿದರು. ಗೆಳೆಯರ ಸಾಕ್ಷಿಗಿಂತ ದೊಡ್ಡದೇನಿದೆ? ಆದರೆ ಎಲ್ಲವನ್ನೂ ಒಬ್ಬನೇ ಬರೆದಿಲ್ಲ ಅಮ್ಮಿ. 2016ರಲ್ಲಿ ಆಕ್ಸ್‌ಫರ್ಡಿನವರು ಹೊರತಂದ ಆವೃತ್ತಿಯಲ್ಲಿ ಆರನೇ ಹೆನ್ರಿಯ ನಾಟಕಗಳಿಗೆ ಮಾರ್ಲೋನ ಹೆಸರನ್ನೂ ಸೇರಿಸಿದ್ದಾರೆ" ಎಂದಳು. ಮಕ್ಕಳು ನಮಗಿಂತ ಹೆಚ್ಚು ಕಲಿತಾಗ ಆಗುವ ಸಂತೋಷವೇ ಬೇರೆ. ಉಪ್ಪಿನಂಗಡಿ ಬರುವವರೆಗೆ ನಾನು ಅದೇ ಸಂತೋಷದಲ್ಲಿದ್ದೆ.

ಮಂಗಳೂರಿನಿಂದ ಕಾಸರಗೋಡಿನ ಬಸ್ಸು. ತಲಪಾಡಿಯಲ್ಲಿ ಕರ್ನಾಟಕ ಮುಗಿಯುತ್ತದೆ ಎಂದು ಬೋರ್ಡು ಹೇಳುತ್ತದೆ. ಆದರೆ ಕಿವಿಗೆ ಅದು ಗೊತ್ತಾಗುವುದಿಲ್ಲ. ಮಂಜೇಶ್ವರ, ಉಪ್ಪಳ, ಬಂದ್ಯೋಡು ಎಂದು ಸಾಗುವಾಗ ಬಸ್ಸಿನಲ್ಲಿ ತುಳು, ಬ್ಯಾರಿ, ಮಲಯಾಳ, ಕನ್ನಡ, ಕೊಂಕಣಿ ಎಲ್ಲ ಒಟ್ಟಿಗೇ ಕೇಳುತ್ತಿದ್ದವು. 1956ರ ನವೆಂಬರ್ 1ರವರೆಗೆ ಈ ನಾಡು ದಕ್ಷಿಣ ಕನ್ನಡ ಜಿಲ್ಲೆಯ ಭಾಗವೇ ಆಗಿತ್ತು. ರಾಜ್ಯಗಳ ವಿಂಗಡಣೆಯಾದಾಗ ಕೇರಳಕ್ಕೆ ಸೇರಿತು. ಕಾಸರಗೋಡು ಬೇರೆ ಜಿಲ್ಲೆಯಾದದ್ದು 1984ರಲ್ಲಿ. ಕುಂಬಳೆಗೆ ಬರುವ ಮೊದಲು ಆರಿಕ್ಕಾಡಿ ಕೋಟೆ, ಆಮೇಲೆ ಹೊಳೆ, ಅದರಾಚೆ ಪೇಟೆ. ಒಂದು ಕಾಲಕ್ಕೆ ಇದು ಕುಂಬಳೆ ಅರಸರ ರಾಜಧಾನಿ, ಬಂದರು ಕೂಡ. 16ನೆಯ ಶತಮಾನದ ಆರಂಭದಲ್ಲಿ ಈ ಕರಾವಳಿಯನ್ನು ನೋಡಿದ ಪೋರ್ಚುಗೀಸರ ಬಾರ್ಬೋಸಾ, ಇಲ್ಲಿಂದ ಮಾಲ್ದೀವಿಗೆ ಅಕ್ಕಿ ಹೋಗುತ್ತಿತ್ತೆಂದು ಬರೆದಿದ್ದಾನೆ. ಅದು ಕೆಳದರ್ಜೆಯ ಅಕ್ಕಿಯೆಂದೂ ಹೇಳಲು ಮರೆತಿಲ್ಲ!

ಗೆಳತಿಯ ಮನೆಯಲ್ಲಿ ನಮ್ಮ ಉರ್ದು ಅವರಿಗೆ ಬಾರದು, ಅವರ ಮಲಯಾಳ ನಮಗೆ ಬಾರದು. ಎರಡೂ ಮುಸ್ಲಿಂ ಮನೆಗಳ ನಡುವೆ ಮಾತಿನ ಸೇತುವೆಯಾದದ್ದು ಕನ್ನಡ. ಆ ಹುಡುಗಿಯ ತಂದೆ ಪೇಟೆಯಲ್ಲಿ ಅಂಗಡಿ ಇಟ್ಟವರು, ಕನ್ನಡ ಶಾಲೆಯಲ್ಲಿ ಓದಿದವರು. ಪತ್ತಿರಿ, ಮೀನು ಸಾರು ಮುಂದಿಟ್ಟು ಉಪಚರಿಸುತ್ತಾ, ನನ್ನ ಅಬ್ಬಾನ ನಾಟಕದ ಕಥೆ ಕೇಳಿದ್ದೇ ತಡ, "ಹಾಗಾದ್ರೆ ನೀವು ಸರಿಯಾದ ಊರಿಗೇ ಬಂದಿದ್ದೀರಿ. ಪಾರ್ತಿಸುಬ್ಬನ ಹೆಸರು ಕೇಳಿದ್ದೀರಾ?" ಎಂದರು.

ಕೇಳಿದ್ದೆ, ಆದರೆ ಹೆಸರು ಮಾತ್ರ. ನಮ್ಮ ಬಯಲುಸೀಮೆಯಲ್ಲಿ ಕುರುಕ್ಷೇತ್ರ ಹೇಗೋ, ಕರಾವಳಿಯಲ್ಲಿ ಯಕ್ಷಗಾನ ಹಾಗೆ. ಆಡುವ ಕಥೆಯನ್ನು ಇಲ್ಲಿ ಪ್ರಸಂಗ ಎನ್ನುತ್ತಾರೆ. ರಾಮಾಯಣದ ಪ್ರಸಂಗಗಳೆಂದರೆ ಪಾರ್ತಿಸುಬ್ಬನವು ಎಂಬುದು ಇಲ್ಲಿನ ಮಾತು. ಪುತ್ರಕಾಮೇಷ್ಟಿ, ಸೀತಾಸ್ವಯಂವರ, ಪಂಚವಟಿ, ವಾಲಿ ಸುಗ್ರೀವರ ಕಾಳಗ, ಉಂಗುರ ಸಂಧಿ, ಸೇತುಬಂಧನ, ಅಂಗದ ಸಂಧಾನ, ಕುಶಲವರ ಕಾಳಗ, ಹೀಗೆ ಸಾಲು ಸಾಲು. ತೆಂಕುತಿಟ್ಟು ಎಂದು ಕರೆಯುವ ದಕ್ಷಿಣದ ಶೈಲಿಯ ಯಕ್ಷಗಾನಕ್ಕೆ ಅವನೇ ಮೂಲಪುರುಷ ಎನ್ನುವವರಿದ್ದಾರೆ. ಕರ್ನಾಟಕದ ಯಕ್ಷಗಾನ ಅಕಾಡೆಮಿ ಕೊಡುವ ದೊಡ್ಡ ಪ್ರಶಸ್ತಿಗೂ ಅವನದೇ ಹೆಸರು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಹೆಸರೇ. ಪಾರ್ತಿ ಎಂದರೆ ಪಾರ್ವತಿ, ಅವನ ತಾಯಿ ಎಂದು ಹೇಳುತ್ತಾರೆ. ಇಲ್ಲಿನ ಕಣಿಪುರ ಗೋಪಾಲಕೃಷ್ಣ ದೇವಸ್ಥಾನದಲ್ಲಿ ಅವಳು ಚಾಕರಿ ಮಾಡಿಕೊಂಡಿದ್ದಳೆಂದು ಪ್ರತೀತಿ. ಗಂಡಸರೆಲ್ಲ ಅಪ್ಪನ ಹೆಸರಿನಿಂದ, ಮನೆತನದ ಹೆಸರಿನಿಂದ ಗುರುತಾಗುವಾಗ ಈ ಕವಿಯೊಬ್ಬ ಅಮ್ಮನ ಹೆಸರನ್ನು ಮುಂದಿಟ್ಟುಕೊಂಡು ಉಳಿದಿದ್ದಾನೆ. ಓದು ಬರಹ ಬಲ್ಲವರ ಮನೆಯ ಹುಡುಗನಲ್ಲ. ಮಲಯಾಳ ಸೀಮೆಗೆ ಹೋಗಿ ಅಲ್ಲಿನ ಆಟಗಳನ್ನು ನೋಡಿ ಕಲಿತುಬಂದ ಎಂಬ ಕಥೆಯೂ ಇದೆ.

ಮರುದಿನ ಬೆಳಿಗ್ಗೆ ನಾವೆಲ್ಲ ಪೇಟೆಯ ಕಡೆ ನಡೆದು ಹೋಗಿ ಆ ದೇವಸ್ಥಾನದ ಎದುರಿನ ರಸ್ತೆಯಲ್ಲಿ ಸ್ವಲ್ಪ ಹೊತ್ತು ನಿಂತೆವು. ಕಣ್ವ ಮುನಿ ಇದ್ದ ಜಾಗವಾದ್ದರಿಂದ ಕಣ್ವಪುರ, ಅದೇ ಕಣಿಪುರವಾಯಿತು ಎಂದು ಜನ ನಂಬುತ್ತಾರೆ. ಸುಬ್ಬನ ಪದಗಳಲ್ಲಿ ಈ ಕಣ್ವಪುರದ ಕೃಷ್ಣನ ಅಂಕಿತ ಬರುತ್ತದೆ. ಅವನು ಕುಂಬಳೆಯವನು ಎನ್ನುವವರು ಮೊದಲು ತೋರಿಸುವುದು ಅದನ್ನೇ. ಒಳಗಿನಿಂದ ಗಂಟೆಯ ಸದ್ದು ಬರುತ್ತಿತ್ತು. ಹೂ ಮಾರುವ ಹೆಂಗಸು ನಮ್ಮ ಬುರ್ಖಾ ನೋಡಿ ದಾರಿ ತಪ್ಪಿದವರೆಂದು ತಿಳಿದು, "ಎಲ್ಲಿಗೆ ಹೋಗಬೇಕು ಅಮ್ಮಾ?" ಎಂದು ಕೇಳಿದಳು. ಸುಬ್ಬನನ್ನು ನೋಡಲು ಬಂದೆವು ಎಂದು ಹೇಗೆ ಹೇಳುವುದು?

ಇನ್ನು ಜಗಳದ ವಿಷಯಕ್ಕೆ ಬರೋಣ. ಮುಳಿಯ ತಿಮ್ಮಪ್ಪಯ್ಯ ಎಂಬ ದೊಡ್ಡ ವಿದ್ವಾಂಸರಿದ್ದರು. ಪಂಪನ ಬಗ್ಗೆ 'ನಾಡೋಜ ಪಂಪ' ಬರೆದವರು. 1945ರಲ್ಲಿ ಅವರು 'ಪಾರ್ತಿಸುಬ್ಬ' ಎಂಬ ಪುಸ್ತಕ ಹೊರತಂದು, ಕುಂಬಳೆಯ ಈ ಕವಿಯೇ ರಾಮಾಯಣದ ಪ್ರಸಂಗಗಳ ಕರ್ತೃ ಎಂದು ಎತ್ತಿಹಿಡಿದರು. ಅದಾಗಿ ಹನ್ನೆರಡು ವರ್ಷಕ್ಕೆ, 1957ರಲ್ಲಿ, ಶಿವರಾಮ ಕಾರಂತರ 'ಯಕ್ಷಗಾನ ಬಯಲಾಟ' ಬಂತು. ಮುಂದೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದದ್ದು ಇದೇ ಗ್ರಂಥ. ಕಾರಂತರು ಊರೂರು ಅಲೆದು ತಾಳೆಗರಿಯ ಪ್ರತಿಗಳನ್ನು ಹುಡುಕಿ ನೋಡಿದವರು. ಅವರು ಒಪ್ಪಲಿಲ್ಲ. ಇವು ಕುಂಬಳೆಯ ಸುಬ್ಬನವಲ್ಲ, ಬಡಗಿನ ಕಡೆ ಅಜಪುರದ, ಅಂದರೆ ಬ್ರಹ್ಮಾವರದ, ಕವಿಯವು ಎಂದು ವಾದಿಸಿದರು. ಅಜಪುರದ ವಿಷ್ಣು ಎಂಬ ಕವಿಯ ವಿರಾಟಪರ್ವದ ಪ್ರತಿಯೊಂದಕ್ಕೆ 1564ರ ಕಾಲ ಹೇಳುತ್ತಾರೆ. ಶೇಕ್ಸ್‌ಪಿಯರ್ ಹುಟ್ಟಿದ ವರ್ಷ! ಮಗಳು ಇದನ್ನು ಕೇಳಿ ಚಪ್ಪಾಳೆ ತಟ್ಟಿದಳು.

ತೆಂಕಿನವರು ಸುಮ್ಮನಿರುತ್ತಾರೆಯೇ? ಕಾರಂತರು ಬಡಗಿನ ಕೋಟದವರು, ಆದ್ದರಿಂದ ತಮ್ಮ ಕಡೆಗೆ ಎಳೆದುಕೊಂಡರು ಎಂದು ಕೆಲವರಿಗೆ ಅನಿಸಿತು. ಅವರು ಬಾಳಿನ ಬಹುಕಾಲ ಕಳೆದದ್ದು ತೆಂಕಿನ ಪುತ್ತೂರಿನಲ್ಲೇ ಎಂಬುದನ್ನು ಹಾಗೆ ಹೇಳುವವರು ಮರೆಯುತ್ತಾರೆ. ಕುಕ್ಕಿಲ ಕೃಷ್ಣ ಭಟ್ಟರು ಸುಬ್ಬನ ಪ್ರಸಂಗಗಳನ್ನು ಸಂಪಾದಿಸಿದರು. 1975ರಲ್ಲಿ ಮೈಸೂರು ವಿಶ್ವವಿದ್ಯಾಲಯ ಅದನ್ನು ಪ್ರಕಟಿಸಿತು. ಅವರು ಮಲಯಾಳದ ಕಡೆಗೆ ನೋಡಿದರು. ಕೊಟ್ಟಾರಕ್ಕರ ತಂಬುರಾನ್ ಎಂಬ ಅರಸು ಕವಿ ರಾಮನ ಕಥೆಯನ್ನು ಎಂಟು ಆಟಗಳಾಗಿ ಬರೆದಿದ್ದಾನೆ, ಅದಕ್ಕೆ ರಾಮನಾಟ್ಟಂ ಎನ್ನುತ್ತಾರೆ. ಕಥಕಳಿ ಬೆಳೆದದ್ದು ಅದರಿಂದಲೇ. ಆ ಎಂಟರಲ್ಲಿ ಪುತ್ರಕಾಮೇಷ್ಟಿ, ಸೀತಾಸ್ವಯಂವರ, ಸೇತುಬಂಧನ ಎಂಬ ಹೆಸರುಗಳಿವೆ. ನಮ್ಮ ಸುಬ್ಬನ ಪಟ್ಟಿಯಲ್ಲಿಯೂ ಅವೇ ಹೆಸರುಗಳು. ಮಲಯಾಳವೂ ಕನ್ನಡವೂ ಒಟ್ಟಿಗೆ ಕೇಳುವ ಊರಿನವನಲ್ಲದೆ ಇನ್ನು ಯಾರು ಹೀಗೆ ಅಲ್ಲಿಂದ ಇಲ್ಲಿಗೆ ತರಬಲ್ಲರು? ಹಿಂದಿನ ದಿನ ಬಸ್ಸಿನಲ್ಲಿ ಐದು ಭಾಷೆ ಕೇಳಿದ್ದ ನನಗೆ ಈ ವಾದ ಬಲವಾಗಿ ತೋರಿತು. ಆದರೆ ಅವನ ಕಾಲವೇ ನಿಂತಿಲ್ಲ. ಸುಮಾರು 1600ರ ಹೊತ್ತಿನವನು ಎನ್ನುವವರೂ ಇದ್ದಾರೆ, 18ನೆಯ ಶತಮಾನದ ಕೊನೆಯವನು ಎನ್ನುವವರೂ ಇದ್ದಾರೆ. ಎರಡರ ನಡುವೆ ಏಳೆಂಟು ತಲೆಮಾರುಗಳ ಅಂತರ!

ಅಂಗಡಿಯ ಯಜಮಾನರಿಗೆ ಸಂಶಯವೇ ಇಲ್ಲ. "ಅವ ನಮ್ಮ ಊರಿನವನೇ" ಎಂದರು. ಊರಿನ ಅಭಿಮಾನಕ್ಕೆ ಜಾತಿ ಮತದ ಬೇಲಿ ಇರುವುದಿಲ್ಲ ನೋಡಿ. ಯಕ್ಷಗಾನದ ಕಥೆ ನಮ್ಮದಲ್ಲವಲ್ಲ, ನಮಗೇಕೆ ಈ ಪಂಚಾಯಿತಿ ಎಂದು ಕೇಳುವ ಸಹೋದರಿಯರು ಇರಬಹುದು. ಆದರೆ ಸಂಪಾಜೆಯ ಜಬ್ಬಾರ್ ಸಮೋ ಅವರು ತಾಳಮದ್ದಳೆಯಲ್ಲಿ ಎಷ್ಟು ದೊಡ್ಡ ಹೆಸರು ಎಂಬುದನ್ನು ಕರಾವಳಿಯವರಿಗೆ ಹೇಳಬೇಕಾಗಿಲ್ಲ. ಪಕ್ಕದ ಮನೆಯ ಕಥೆ ನಮಗೂ ಗೊತ್ತಿರಬೇಕಲ್ಲವೇ?

ಆ ಮಧ್ಯಾಹ್ನ ಹತ್ತಿರದ ಸಭಾಭವನವೊಂದರಲ್ಲಿ ತಾಳಮದ್ದಳೆ ಇತ್ತು. ವೇಷವಿಲ್ಲದ, ಕುಣಿತವಿಲ್ಲದ, ಕುಳಿತು ಮಾತಾಡುವ ಯಕ್ಷಗಾನ ಅದು. ಪ್ರಸಂಗ ವಾಲಿಯದು. ನಾವು ಹೆಂಗಸರು ಹಿಂದಿನ ಸಾಲಿನಲ್ಲಿ ಕುಳಿತೆವು. ಭಾಗವತರು ಒಂದು ಪದ ಹಾಡಿದರು, ಎರಡು ನಿಮಿಷ ಆಗಿರಬಹುದು. ಆಮೇಲೆ ವಾಲಿಯ ಪಾತ್ರ ವಹಿಸಿದವರು ಬಾಯಿ ತೆರೆದರು ನೋಡಿ, ಅರ್ಧ ಗಂಟೆ! ಮರೆಯಲ್ಲಿ ನಿಂತು ಬಾಣ ಬಿಟ್ಟದ್ದು ಯಾವ ಧರ್ಮ ಎಂದು ರಾಮನನ್ನು ಕೇಳುವ ಮಾತು. ಶಾಲು ಹೊದ್ದು ಕುಳಿತ ಆ ಮನುಷ್ಯ ವಾಲಿಯೇ ಆಗಿಹೋಗಿದ್ದರು. ರಾಮನಾದವರೂ ಬಿಡಲಿಲ್ಲ, ಪ್ರತಿಯೊಂದು ಪ್ರಶ್ನೆಗೂ ಉತ್ತರ ಕೊಟ್ಟರು. ಈ ಮಾತುಗಳೆಲ್ಲ ಪುಸ್ತಕದಲ್ಲಿವೆಯೇ ಎಂದು ಪಕ್ಕದಲ್ಲಿದ್ದವರನ್ನು ಕೇಳಿದೆ. ಅವರಿಗೆ ನಗು. ಪುಸ್ತಕದಲ್ಲಿರುವುದು ಪದ ಮಾತ್ರವಂತೆ. ಅರ್ಥ ಹೇಳುವವರು ಅಲ್ಲೇ, ಆ ಕ್ಷಣದಲ್ಲೇ ಮಾತನ್ನು ಹುಟ್ಟಿಸಬೇಕು. ನಾಳೆ ಇದೇ ವಾಲಿ ಬೇರೆ ಮಾತು ಆಡುತ್ತಾನೆ.

ಹಾಗಾದರೆ ಆ ಸಂಜೆ ನಾನು ಕೇಳಿದ ನಾಟಕ ಯಾರದು? ಪದ ಕಟ್ಟಿದವನದೇ, ಮಾತು ಕಟ್ಟಿದವರದೇ? ಇಂಥ ಆಟವನ್ನು ನೂರಾರು ವರ್ಷ ನೂರಾರು ಭಾಗವತರು ಹಾಡಿದ್ದಾರೆ. ಒಬ್ಬ ಮರೆತ ಪದವನ್ನು ಇನ್ನೊಬ್ಬ ತುಂಬಿಸಿದ್ದಾನೆ. ತಾಳೆಗರಿ ಹಾಳಾದಾಗ ಇನ್ನೊಬ್ಬ ಹೊಸ ಗರಿಗೆ ಇಳಿಸಿದ್ದಾನೆ. ಹಾಗೆ ಇಳಿಸಿದವನು ಕೊನೆಯಲ್ಲಿ ಬರೆದವ ಇಂಥವ ಎಂದು ತನ್ನ ಹೆಸರು ಕೊರೆಯುವುದು ಹಳೆಯ ರೂಢಿ. ಇದನ್ನು ಕೇಳಿದಾಗ ನನ್ನ ಮೈ ಜುಮ್ಮೆಂದಿತು. ಅಬ್ಬಾನ ಪುಸ್ತಕದ ಕೊನೆಯ ಪುಟ ಕಣ್ಣ ಮುಂದೆ ಬಂತು. ನಮ್ಮ ಕನ್ನಡದಲ್ಲಿ ಕವಿತೆ ಕಟ್ಟಿದವನೂ ಬರೆದವನೇ, ಅದನ್ನು ನೋಡಿ ನಕಲಿಸಿದವನೂ ಬರೆದವನೇ. ಇಬ್ಬರಿಗೂ ಒಂದೇ ಪದ.

ರಾತ್ರಿ ಮನೆಯ ಉಮ್ಮಾಮ, ಎಂದರೆ ಅಜ್ಜಿ, ನಮಗಾಗಿ ಮದುವೆಯ ಪಾಟ್ಟುಗಳನ್ನು ಹಾಡಿದರು. ಹಲ್ಲಿಲ್ಲದ ಬಾಯಿ, ಆದರೆ ತಾಳ ತಪ್ಪಲಿಲ್ಲ. ಯಾರು ಬರೆದದ್ದು ಉಮ್ಮಾಮ ಎಂದು ಮೊಮ್ಮಗಳು ಕೇಳಿದರೆ ಪ್ರತಿಯೊಂದಕ್ಕೂ "ವೈದ್ಯರ್" ಎಂಬ ಒಂದೇ ಉತ್ತರ. ಮಾಪಿಳ್ಳೆ ಪಾಟ್ಟಿನ ಮಹಾಕವಿ ಮೊಯಿನ್‌ಕುಟ್ಟಿ ವೈದ್ಯರ್ ಇದ್ದದ್ದು 1852ರಿಂದ 1892ರವರೆಗೆ, ನಲವತ್ತೇ ವರ್ಷ. ಅಜ್ಜಿ ಹಾಡಿದ ಒಂದು ಹಾಡಿನಲ್ಲಿ ಬಸ್ಸು ಬರುತ್ತಿತ್ತು! ಮೊಮ್ಮಗಳು ಬಿದ್ದು ಬಿದ್ದು ನಕ್ಕಳು. ಅಜ್ಜಿಗೆ ಸ್ವಲ್ಪ ಕೋಪವೇ ಬಂತು. "ನನ್ನ ಉಮ್ಮ ಹಾಡುತ್ತಿದ್ದದ್ದು. ಅವರು ಸುಳ್ಳು ಹೇಳುತ್ತಾರಾ?" ಎಂದರು. ಸುಳ್ಳಲ್ಲ, ಪ್ರೀತಿ. ಒಳ್ಳೆಯ ಹಾಡೆಲ್ಲ ದೊಡ್ಡ ಹೆಸರಿನ ಕಡೆಗೆ ತಾನಾಗಿ ಹರಿದು ಹೋಗುತ್ತದೆ. ಬಸ್ಸಿನ ಹಾಡು ಕಟ್ಟಿದ ಹೆಂಗಸು ಯಾವ ಮನೆಯ ಅಡುಗೆ ಕೋಣೆಯಲ್ಲಿದ್ದಳೋ! ಸುಬ್ಬನ ಹೆಸರಿನಲ್ಲಿಯೂ ಹಾಗೆ ಬೇರೆಯವರ ಪ್ರಸಂಗ ಬಂದು ಸೇರಿರಬಹುದು ಎಂದರೆ ಅದರಿಂದ ಸುಬ್ಬನಿಗೆ ಅವಮಾನವೇನೂ ಇಲ್ಲ.

ಹದೀಸ್ ಓದುವಾಗ ಮೊದಲು ಬರುವುದು ಯಾರು ಯಾರಿಂದ ಕೇಳಿದರು ಎಂಬ ಸರಪಳಿ. ಒಂದು ಕೊಂಡಿ ಸಡಿಲವಾದರೂ ವಿದ್ವಾಂಸರು ಬಿಡದೆ ಪರೀಕ್ಷಿಸುತ್ತಾರೆ. ಇಂಥ ಪ್ರಶ್ನೆಯನ್ನು ಕಾರಂತರು ಕೇಳಿದರೆ ಅದು ತಪ್ಪೇ? ಗರಿ ತೋರಿಸು, ಕಾಲ ತೋರಿಸು ಎಂದು ಕೇಳುವುದು ವಿದ್ವಾಂಸನ ಕೆಲಸ. ಅವರ ತೀರ್ಮಾನ ತಪ್ಪಿದ್ದರೆ ಇನ್ನೊಂದು ಗರಿ ತಂದು ತಿದ್ದಬಹುದು. ಕೈಗವಸು ಹೊಲಿಯುವವನ ಮಗನಿಗೆ ಇದೆಲ್ಲ ಎಲ್ಲಿಂದ ಬರಬೇಕು ಎನ್ನುವ ಸಂಶಯಕ್ಕೆ ಯಾವ ಗರಿಯೂ ಬೇಕಾಗಿಲ್ಲ, ಯಾವ ಗರಿ ತಂದರೂ ಅದು ಹೋಗುವುದಿಲ್ಲ. ನನ್ನ ತಮ್ಮನೆದುರು ನಕ್ಕವರ ಸಂಶಯ ಅಂಥದ್ದು. ಆದರೆ ಅವರಿಗೆ ಉತ್ತರ ಕೊಡುವ ಹಟದಲ್ಲಿ ನಾನು ಅಬ್ಬಾನ ಹೆಸರಿಗೆ ಇಡೀ ಕುರುಕ್ಷೇತ್ರವನ್ನೇ ಹೊರಿಸಿದರೆ? ಆ ರಾತ್ರಿ ಸಮುದ್ರದ ಕಡೆಯ ಗಾಳಿಗೆ ತೆಂಗಿನ ಗರಿಗಳು ಬಡಿದುಕೊಳ್ಳುವುದನ್ನು ಕೇಳುತ್ತಾ ಬಹಳ ಹೊತ್ತು ನಿದ್ದೆ ಬರಲಿಲ್ಲ.

ಬೆಳಿಗ್ಗೆ ತಮ್ಮನಿಗೆ ಫೋನ್ ಮಾಡಿದೆ. "ರಚನೆ ಅಂತ ಹಾಕಿಸಬೇಡ" ಎಂದೆ. "ಆಪಾ, ಅವರಾಗಿಯೇ ಕೊಡುವ ಮರ್ಯಾದೆ, ನೀವೇಕೆ ಬೇಡ ಅನ್ನುತ್ತೀರಿ?" ಎಂದ. ಅವನ ದನಿಯಲ್ಲಿ ನೋವಿತ್ತು. "ಅಬ್ಬಾ ತಾನು ಕಟ್ಟಿದೆ ಎಂದು ಒಂದು ದಿನವಾದರೂ ಹೇಳಿದ್ದರಾ?" ಎಂದೆ. "ಕುಂತಿಯ ಆ ಎರಡು ಪದ?" ಎಂದು ಕೇಳಿದ. ಅದಕ್ಕೆ ನನ್ನ ಬಳಿ ಉತ್ತರವಿರಲಿಲ್ಲ. ಅವು ಅಬ್ಬಾನವೇ ಎಂದು ನನ್ನ ಮನಸ್ಸು ಹೇಳುತ್ತದೆ. ಮಗಳ ಮನಸ್ಸು ಹೇಳುವುದನ್ನು ಹ್ಯಾಂಡ್‌ಬಿಲ್ಲಿನಲ್ಲಿ ಅಚ್ಚು ಹಾಕಿಸಲು ಬರುವುದಿಲ್ಲವಲ್ಲ.

ಊರ ಹಬ್ಬಕ್ಕೆ ನಾಟಕ ಆಯಿತು. ಹ್ಯಾಂಡ್‌ಬಿಲ್ಲಿನಲ್ಲಿ ಪಾತ್ರಧಾರಿಗಳ ಹೆಸರು, ಅವರ ಫೋಟೋ, ಶುಭ ಕೋರುವವರ ಹೆಸರು ಎಲ್ಲ ತುಂಬಿ, ಬರೆದವರಿಗೆ ಜಾಗವೇ ಉಳಿದಿರಲಿಲ್ಲ! ನಾನೂ ಅಮ್ಮಿಯೂ ಹೋಗಿ ಹೆಂಗಸರ ಕಡೆ ಚಾಪೆ ಹಾಸಿ ಕುಳಿತೆವು. ಪರದೆ ಏಳುವ ಮೊದಲು ಗೌಡರು ಮೈಕ್ ಹಿಡಿದರು. ನಮ್ಮ ದಾದಿಯನ್ನು ಊರಿನವರೆಲ್ಲ ಬೂಬಮ್ಮ ಎಂದು ಕರೆಯುತ್ತಿದ್ದರು, ಸೂಲಗಿತ್ತಿಯಾಗಿದ್ದ ಅವಳ ಕೈಯಲ್ಲಿ ಹುಟ್ಟದ ಮಕ್ಕಳು ಆ ಹಳ್ಳಿಗಳಲ್ಲಿ ಕಡಿಮೆ. "ಈ ನಾಟ್ಕದ ಪುಸ್ತಕ ನಮ್ ಬೂಬಮ್ಮನ ಮಗ ದರ್ಜಿ ಸಾಬ್ರು ಬರ್ದುಕೊಟ್ಟಿದ್ದು" ಎಂದರು ಗೌಡರು. ಜನ ಚಪ್ಪಾಳೆ ತಟ್ಟಿದರು.

ರಾತ್ರಿ ಎರಡು ಗಂಟೆಯ ಮೇಲೆ ಕುಂತಿ ಬಂದಳು. ಹಾರ್ಮೋನಿಯಂ ಮೇಷ್ಟ್ರು ಶ್ರುತಿ ಹಿಡಿದರು. ನಿದ್ದೆಗೆ ತೂಗುತ್ತಿದ್ದ ಅಮ್ಮಿ ತಲೆಯೆತ್ತಿ ಸೆರಗು ಸರಿಪಡಿಸಿಕೊಂಡರು. ಮೊದಲ ಪದ ಮುಗಿದು ಎರಡನೆಯದು ಶುರುವಾಗುವಷ್ಟರಲ್ಲಿ ಅವರ ತುಟಿಗಳೂ ಅಲುಗುತ್ತಿದ್ದವು.